ಭದ್ರಮ್ಮ ಹಾಕಿಸಿದ ಗೇಟು

ತುಮಕೂರು ರಸ್ತೆಯಲ್ಲಿ ಮಾಕಳಿಗೂ ಮಾದನಾಯಕನಹಳ್ಳಿಗೂ ನಡುವೆ, ಗೋಡೌನುಗಳ ಬೆನ್ನಿಗೆ ಅಂಟಿಕೊಂಡಿರುವ ಹೊನ್ನಕಟ್ಟೆಯಲ್ಲಿ ಭದ್ರಮ್ಮನ ಮನೆ ಯಾವುದು ಎಂದು ಕೇಳಿದರೆ, ಕೇಳಿದವರನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಾರೆ. ಆ ಮನೆ ಗೊತ್ತಿಲ್ಲದವರು ಎಂದರೆ ಒಂದೋ ಹೊಸದಾಗಿ ಬಾಡಿಗೆಗೆ ಬಂದವರಿರಬೇಕು, ಇಲ್ಲ ಯಾವುದೋ ಫ್ಯಾಕ್ಟರಿಯ ಕಡೆಯಿಂದ ರಾಜಿ ಮಾಡಿಸಲು ಬಂದವರಿರಬೇಕು. ರಾಜಿಗೆ ಬಂದವರು ಆ ಮನೆಯಿಂದ ಹೊರಬಿದ್ದ ರೀತಿಯ ಬಗ್ಗೆ ಊರಲ್ಲಿ ಬೇಕಾದಷ್ಟು ಕಥೆಗಳಿವೆ. ಅರ್ಧ ಸುಳ್ಳು, ಆದರೆ ಎಲ್ಲವೂ ಕೇಳುವುದಕ್ಕೆ ಚೆನ್ನ.

ಇಂಥ ಭದ್ರಮ್ಮ ಈಗ ಕೆರೆಯ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ. ಮಂಡಿ ನೋವು ಎನ್ನುತ್ತಾಳೆ. ಮಂಡಿ ಚೆನ್ನಾಗಿಯೇ ಇದೆ. ಅವಳನ್ನು ಕಾಡುತ್ತಿರುವುದು ನಾಚಿಕೆ. ಅರವತ್ತು ದಾಟಿದ ಮೇಲೆ ಬಂದ ನಾಚಿಕೆ ಮದುವೆ ಹೆಣ್ಣಿನ ನಾಚಿಕೆಯ ಹಾಗೆ ಒಂದೆರಡು ದಿನದಲ್ಲಿ ಹೋಗುವಂಥದ್ದಲ್ಲ. ಅದು ಹೇಗೆ ಬಂತು ಎಂದು ಹೇಳಬೇಕಾದರೆ ಅವಳು ಅಧ್ಯಕ್ಷೆಯಾದ ಕಾಲದಿಂದ ಶುರು ಮಾಡಬೇಕು.

ಹತ್ತು ಹದಿನೈದು ವರ್ಷದ ಹಿಂದಿನ ಮಾತು. ಊರಿನ ಸೀಟು ಮಹಿಳೆಗೆ ಮೀಸಲಾಯಿತು. ಪಂಚಾಯ್ತಿ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ ಕೃಷ್ಣಪ್ಪ ಎರಡು ದಿನ ಊಟ ಬಿಟ್ಟು ಕೂತ. ಮೂರನೇ ದಿನ ಅವನಿಗೆ ತನಗೊಬ್ಬಳು ಹೆಂಡತಿ ಇದ್ದಾಳೆ ಎಂಬುದು ನೆನಪಾಯಿತು. ಭದ್ರಮ್ಮನನ್ನು ಹೊಸ ಸೀರೆ ಉಡಿಸಿ ಕರೆದುಕೊಂಡು ಹೋಗಿ ನಾಮಪತ್ರ ಹಾಕಿಸಿದ. ಊರ ತುಂಬ ಅಂಟಿಸಿದ ಪೋಸ್ಟರಿನಲ್ಲಿ ಕೃಷ್ಣಪ್ಪ ಕೈಮುಗಿದು ನಗುತ್ತಿದ್ದ. ಕೆಳಗೆ ಮೂಲೆಯಲ್ಲಿ, ಮದುವೆ ಫೋಟೋದಿಂದ ಕತ್ತರಿಸಿ ತೆಗೆದ ಭದ್ರಮ್ಮನ ಮುಖ ಅರೆಗಣ್ಣು ಮುಚ್ಚಿಕೊಂಡು ನಿಂತಿತ್ತು. ಗೆದ್ದಳು, ಅಧ್ಯಕ್ಷೆಯೂ ಆದಳು. ಮಾರನೆಯ ದಿನದಿಂದ ಜನ ಕೃಷ್ಣಪ್ಪನನ್ನು ‘ಅಧ್ಯಕ್ಷರೇ’ ಎಂದು ಕರೆಯತೊಡಗಿದರು, ಅವನು ‘ಏನಪ್ಪ’ ಎಂದು ತಿರುಗತೊಡಗಿದ. ‘ಅಧ್ಯಕ್ಷರ ಪತಿ’ ಎಂದು ಕಾರ್ಡನ್ನೂ ಮಾಡಿಸಿಕೊಂಡ. ಸುತ್ತಮುತ್ತ ಎಲ್ಲ ಪಂಚಾಯ್ತಿಗಳಲ್ಲೂ ನಡೆಯುತ್ತಿದ್ದದ್ದು ಹೀಗೆಯೇ ಆದ್ದರಿಂದ ಯಾರಿಗೂ ಇದು ತಮಾಷೆ ಅನ್ನಿಸಲಿಲ್ಲ.

ಭದ್ರಮ್ಮನಿಗೂ ಅನ್ನಿಸುತ್ತಿರಲಿಲ್ಲವೇನೋ, ಕೆರೆ ಕೆಡದೇ ಇದ್ದಿದ್ದರೆ. ಪೀಣ್ಯದ ಕಡೆಯಿಂದ ಟ್ಯಾಂಕರುಗಳು ಕತ್ತಲಾದ ಮೇಲೆ ಬಂದು, ಫ್ಯಾಕ್ಟರಿಗಳಲ್ಲಿ ಲೋಹ ತೊಳೆದ ಆಸಿಡ್ ನೀರನ್ನು ಹೊನ್ನಕಟ್ಟೆ ಕೆರೆಯ ಕೋಡಿಯ ಹತ್ತಿರ ಸುರಿದು ಹೋಗುತ್ತಿದ್ದವು. ನೀರು ಹಸಿರು ತಿರುಗಿತು, ಆಮೇಲೆ ನೊರೆ ಎದ್ದಿತು, ಮೀನು ಹೊಟ್ಟೆ ಮೇಲಾಗಿ ತೇಲಿದವು. ಅವಳು ಕೊಟ್ಟಿಗೆಯಲ್ಲಿ ಸಾಕಿದ್ದ ಸೀಮೆಹಸು ಆ ನೀರು ಕುಡಿದು ಬಾಯಲ್ಲಿ ಬುರುಗು ಕಾರಿ ಸತ್ತಿತು. ‘ಈ ವಿಷಯ ಮೀಟಿಂಗಲ್ಲಿ ಎತ್ರೀ’ ಎಂದು ಗಂಡನಿಗೆ ಹೇಳಿದಳು. ಟ್ಯಾಂಕರಿನವರ ಜೊತೆ ಕೃಷ್ಣಪ್ಪನಿಗೆ ಅಷ್ಟಿಷ್ಟು ಸ್ನೇಹವಿತ್ತು. ‘ನಿಂಗೆ ಗೊತ್ತಾಗಲ್ಲ, ಸುಮ್ನಿರು’ ಎಂದ.

ಮುಂದಿನ ಮೀಟಿಂಗಿನ ದಿನ ಭದ್ರಮ್ಮ ಸೀರೆಯ ಸೆರಗು ಸಿಕ್ಕಿಸಿಕೊಂಡು ಪಂಚಾಯ್ತಿ ಆಫೀಸಿಗೆ ನಡೆದಳು. ಬಾಗಿಲಲ್ಲಿ ನಿಂತು ‘ಎದ್ದೇಳಿ’ ಎಂದಳು. ಯಾರಿಗೆ ಹೇಳುತ್ತಿದ್ದಾಳೆ ಎಂದು ಕೃಷ್ಣಪ್ಪ ಅತ್ತಿತ್ತ ನೋಡಿದ. ‘ನಿಮ್ಗೇ ಹೇಳ್ತಿರೋದು. ಅದು ನನ್ನ ಕುರ್ಚಿ’ ಎಂದಳು. ಕೃಷ್ಣಪ್ಪ ಎದ್ದ. ಪಾಪ, ಒಂದು ವಾರ ಹೋಟೆಲಿನ ಕಡೆ ತಲೆಹಾಕಲಿಲ್ಲ.

ಆ ದಿನದಿಂದ ಭದ್ರಮ್ಮನ ನಿಜವಾದ ರಾಜಕೀಯ ಶುರುವಾಯಿತು. ಅವಳ ಜೊತೆಗೆ ಮೊದಲು ಬಂದವಳು ಕಾಲೋನಿಯ ಮರಿಯಮ್ಮ. ಊರಿನ ಪಡುವಲ ಕಡೆ, ಕೆರೆ ಏರಿಯ ಕೆಳಗಿರುವ ದಲಿತರ ಕೇರಿಗೆ ಕಾಲೋನಿ ಎನ್ನುತ್ತಾರೆ. ಮರಿಯಮ್ಮ ಪೀಣ್ಯದ ಗಾರ್ಮೆಂಟಿನಲ್ಲಿ ಹೊಲಿಯುತ್ತಿದ್ದಳು. ಅವಳ ಮಾವ ಚಿಕ್ಕಬೈರಪ್ಪ ಈ ಕೆರೆಯ ನೀರುಗಂಟಿ. ಹಿಂದೆ ಊರಿನ ಗದ್ದೆಗಳಿಗೆಲ್ಲ ತೂಬು ಎತ್ತಿ ನೀರು ಹಂಚುತ್ತಿದ್ದವನು. ಗದ್ದೆಗಳೆಲ್ಲ ಗೋಡೌನಾದ ಮೇಲೂ ದಿನಾ ಬೆಳಿಗ್ಗೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರದಿದ್ದರೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ.

ಟ್ಯಾಂಕರು ತಡೆದ ದಿನ ಊರಿನ ಗಂಡಸರು ಅರಳಿಕಟ್ಟೆಯ ಹತ್ತಿರ ನಿಂತು ಏನಾಗುತ್ತದೋ ನೋಡೋಣ ಎಂದು ನೋಡುತ್ತಿದ್ದರು. ಹೆಂಗಸರು ರಸ್ತೆಗೆ ಅಡ್ಡ ಕೂತಿದ್ದರು. ಡ್ರೈವರು ಹೆದರಿಸಲು ಗಾಡಿಯನ್ನು ಮುಂದಕ್ಕೆ ಬಿಟ್ಟಾಗ ಎಲ್ಲರೂ ಎದ್ದು ಸರಿದರು, ಭದ್ರಮ್ಮ ಕೂಡ. ಮರಿಯಮ್ಮ ಮಾತ್ರ ಚಕ್ರದ ಮುಂದೆ ಉದ್ದಕ್ಕೆ ಮಲಗಿಬಿಟ್ಟಳು. ಗಾಡಿ ನಿಂತಿತು. ಮಾರನೆಯ ದಿನದ ಪೇಪರಿನಲ್ಲಿ ಭದ್ರಮ್ಮನ ಫೋಟೋ ಬಂತು. ಅಧ್ಯಕ್ಷೆಯಲ್ಲವೇ, ಬರಬೇಕಾದದ್ದೇ.

ಕೆರೆ ಉಳಿಯಿತು. ಅದಕ್ಕೆ ವರ್ಷಗಟ್ಟಲೆ ಹಿಡಿಯಿತು, ಕೋರ್ಟು ಕಚೇರಿ ಎಲ್ಲ ಆಯಿತು, ಭದ್ರಮ್ಮ ಅಲೆಯದ ಆಫೀಸಿಲ್ಲ. ಈ ಕೆಲಸದಲ್ಲಿ ಅವಳದು ಎತ್ತಿದ ಕೈ ಎಂದು ಶತ್ರುಗಳೂ ಒಪ್ಪುತ್ತಾರೆ. ಜೊತೆಗೆ ಹೆಂಗಸರ ಕೆಲಸವನ್ನೂ ಹಚ್ಚಿಕೊಂಡಳು. ಶಿಫ್ಟು ಮುಗಿಸಿ ಬರುವ ಹೆಣ್ಣುಮಕ್ಕಳು ನಡೆಯುವ ದಾರಿಗೆ ದೀಪ ಹಾಕಿಸಿದಳು. ಅವಳ ಶೀಟಿನ ಮನೆಗಳ ಸಾಲಿನಲ್ಲಿ ಬಾಡಿಗೆಗಿದ್ದ ಯಾದಗಿರಿ ಕಡೆಯ ಸುಮಂಗಲಾಗೆ ಗಂಡ ಕುಡಿದು ಬಂದು ಹೊಡೆಯುತ್ತಿದ್ದಾಗ, ಭದ್ರಮ್ಮ ಅವನನ್ನು ಕೊರಳಪಟ್ಟಿ ಹಿಡಿದು ಠಾಣೆಗೆ ಎಳೆದೊಯ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಹೋಬಳಿಯ ಊರೂರು ಸುತ್ತಿ, ಗೆದ್ದ ಹೆಂಗಸರನ್ನು ಕೂರಿಸಿಕೊಂಡು ಹೇಳುತ್ತಿದ್ದಳು: ‘ನಿಮ್ಮ ಬಾಯಿ ನಿಮ್ದು. ಅದನ್ನ ಗಂಡನಿಗೆ ಬಾಡಿಗೆ ಕೊಡ್ಬೇಡಿ.’ ಎರಡನೇ ಸಲವೂ ಗೆದ್ದಳು. ಬೆಂಗಳೂರಿನಿಂದ ಓದಿದವರು ಕಾರಿನಲ್ಲಿ ಬಂದು ಅವಳ ಮಾತನ್ನು ರೆಕಾರ್ಡ್ ಮಾಡಿಕೊಂಡು ಹೋಗುತ್ತಿದ್ದರು.

ಆಮೇಲಿನ ಚುನಾವಣೆಯಲ್ಲಿ ಮೀಸಲಾತಿಯ ಚಕ್ರ ತಿರುಗಿ ಸೀಟು ಪರಿಶಿಷ್ಟ ಜಾತಿಯ ಮಹಿಳೆಗೆ ಬಂತು. ಭದ್ರಮ್ಮ ಊಟ ಬಿಟ್ಟು ಕೂರಲಿಲ್ಲ. ಸೀದಾ ಕಾಲೋನಿಗೆ ಹೋಗಿ ಮರಿಯಮ್ಮನನ್ನು ಕರೆದು, ‘ನೀನು ನಿಂತ್ಕೋ’ ಎಂದಳು.

‘ನಂಗ್ಯಾಕಕ್ಕ? ನನ್ ಕೈಲಿ ಆಯ್ತದಾ?’ ಎಂದಳು ಮರಿಯಮ್ಮ.

‘ನಾನಿಲ್ವಾ?’ ಎಂದಳು ಭದ್ರಮ್ಮ.

ನೋಡಿ, ಎಲ್ಲ ಕೆಟ್ಟದ್ದೂ ಆ ಒಂದು ಮಾತಿನಲ್ಲೇ ಇತ್ತು. ಆದರೆ ಹೇಳಿದವಳ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೆ ಏನೂ ಇರಲಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳಬಹುದು. ಓಡಾಡಿದವಳು ಅವಳೇ, ಮನೆ ಮನೆ ಹತ್ತಿ ಇಳಿದವಳು ಅವಳೇ. ಮರಿಯಮ್ಮ ಗೆದ್ದಳು, ಮೊದಲ ಎರಡೂವರೆ ವರ್ಷ ಕಳೆದ ಮೇಲೆ ಅಧ್ಯಕ್ಷೆಯೂ ಆದಳು. ಆ ದಿನ ಭದ್ರಮ್ಮ ಅವಳನ್ನು ತಬ್ಬಿಕೊಂಡು ಅತ್ತಳು. ಅದೂ ನಿಜವಾದ ಅಳುವೇ.

ಮರುದಿನದಿಂದ ಭದ್ರಮ್ಮ ಮೊದಲಿನ ಹಾಗೆಯೇ ಪಂಚಾಯ್ತಿ ಆಫೀಸಿಗೆ ಹೋಗತೊಡಗಿದಳು. ಹೊಸಬಳು, ಸ್ವಲ್ಪ ದಿನ ಕೈಹಿಡಿದು ನಡೆಸಬೇಕು ಎಂದುಕೊಂಡಳು. ಆ ‘ಸ್ವಲ್ಪ ದಿನ’ ಮುಗಿಯಲೇ ಇಲ್ಲ. ಮರಿಯಮ್ಮನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡಳು. ಅರ್ಜಿ ಹಿಡಿದು ಬಂದವರು ಅಧ್ಯಕ್ಷೆಗೆ ಕೈಮುಗಿದು, ವಿಷಯವನ್ನು ಭದ್ರಮ್ಮನಿಗೆ ಹೇಳುತ್ತಿದ್ದರು. ಪಿಡಿಒ ವೀರೇಶ್, ಹಾವೇರಿಯ ಕಡೆಯ ತಣ್ಣನೆಯ ಮನುಷ್ಯ, ಯಾವುದಕ್ಕಾದರೂ ಒಪ್ಪಿಗೆ ಬೇಕಾದರೆ ಅಧ್ಯಕ್ಷೆಯನ್ನು ಕೇಳಿ ಭದ್ರಮ್ಮನ ಮುಖ ನೋಡುತ್ತಿದ್ದರು. ಸ್ವಾತಂತ್ರ್ಯ ದಿನದ ಭಾಷಣವನ್ನು ಭದ್ರಮ್ಮ ಹೇಳಿಕೊಟ್ಟಳು. ಮರಿಯಮ್ಮ ಅದನ್ನು ಮಗ್ಗಿಯ ಹಾಗೆ ಒಪ್ಪಿಸಿದಳು. ಯಾವ ಸಭೆಯಾದರೂ ಸರಿ, ಕೊನೆಗೆ ಮೈಕು ಭದ್ರಮ್ಮನ ಕೈಗೆ ಬರುತ್ತಿತ್ತು. ಅದೊಂದು ರೂಢಿಯೇ ಆಗಿಹೋಯಿತು.

ಭದ್ರಮ್ಮನಿಗೆ ಒಂದು ಆಸೆಯಿತ್ತು, ಕೆರೆಗೆ ಬೇಲಿ ಹಾಕಿಸಬೇಕು ಎಂದು. ಟ್ಯಾಂಕರು ಹೋದ ಮೇಲೆ ಕಟ್ಟಡದ ಮಣ್ಣು ಸುರಿಯುವವರು ಬಂದರು, ಕೋಳಿ ಅಂಗಡಿಯವರು ಮೂಟೆ ಎಸೆಯತೊಡಗಿದರು. ಎಷ್ಟು ದಿನ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು? ಒಂದು ದೊಡ್ಡ ಕಂಪನಿಯವರು ತಾವೇ ಮುಂದೆ ಬಂದು, ಸುತ್ತಲೂ ಕಬ್ಬಿಣದ ಬೇಲಿ, ಏರಿಯ ಮೇಲೆ ವಾಕಿಂಗ್ ಟ್ರ್ಯಾಕು, ಎರಡೂ ತುದಿಗೆ ಗೇಟು, ಕಾಯಲು ವಾಚ್‌ಮನ್, ಎಲ್ಲ ಮಾಡಿಕೊಡುತ್ತೇವೆ ಎಂದರು. ಪಂಚಾಯ್ತಿ ಒಪ್ಪಿದರೆ ಸಾಕು. ಬೆಳಿಗ್ಗೆ ಸಂಜೆ ಗೇಟು ತೆಗೆಯುವುದು, ನಡುವೆ ಬೀಗ. ಭದ್ರಮ್ಮನಿಗೆ ಸ್ವರ್ಗ ಸಿಕ್ಕಷ್ಟು ಖುಷಿಯಾಯಿತು.

ಮೀಟಿಂಗಿನಲ್ಲಿ ಆ ವಿಷಯ ಬಂದಾಗ ಮರಿಯಮ್ಮ ಗಂಟಲು ಸರಿಮಾಡಿಕೊಂಡಳು. ‘ನಂದೊಂದು ಮಾತು,’ ಎಂದಳು. ‘ಕಾಲೋನಿಯೋರ ಸುಡುಗಾಡು ಕೆರೆಯಿಂದ ಆಚೆ ಐತೆ. ನಾವು ಎಣ ತಗಂಡೋಗೋದು ಏರಿ ಮೇಲೇನೆ. ಬೀಗ ಆಕ್ಬುಟ್ರೆ ಎಂಗೆ? ಬೇಲಿ ಇರ್ಲಿ, ಆದ್ರೆ ಗೇಟು...’

‘ಅದೆಲ್ಲ ನೋಡ್ಕೊಳೋಣ ಬಿಡು,’ ಎಂದಳು ಭದ್ರಮ್ಮ. ‘ಬೇಕಾದಾಗ ತೆಗೆಸಿದ್ರಾಯ್ತು.’

‘ಅಂಗಲ್ಲಕ್ಕ, ಸಾವು ಏಳಿ ಕೇಳಿ ಬತ್ತದಾ? ದಾರಿ ಅಂತ ಒಂದು ಬುಡ್ಬೇಕು...’

‘ನಿಂಗೆ ಗೊತ್ತಾಗಲ್ಲ ಮರಿ, ಸುಮ್ನಿರು,’ ಎಂದಳು ಭದ್ರಮ್ಮ. ‘ದಾರಿ ಅಂತ ಬಿಟ್ರೆ ಆ ದಾರೀಲೇ ಕಸದ ಗಾಡಿ ಬರತ್ತೆ.’

ಮರಿಯಮ್ಮ ಸುಮ್ಮನಾದಳು. ವೀರೇಶ್ ಒಂದು ಕ್ಷಣ ತಲೆಯೆತ್ತಿ ಇಬ್ಬರನ್ನೂ ನೋಡಿ, ಮತ್ತೆ ತಲೆ ತಗ್ಗಿಸಿದರು. ಅಧ್ಯಕ್ಷೆ ಸಹಿ ಹಾಕಿದಳು. ತಾನು ಆಡಿದ ಮಾತು ಯಾರ ಮಾತು ಎಂಬುದು ಭದ್ರಮ್ಮನಿಗೆ ಹೊಳೆಯಲೇ ಇಲ್ಲ. ಅವಳ ತಲೆಯ ತುಂಬ ಬೇಲಿಯೇ ಇತ್ತು.

ಬೇಲಿ ಬಂತು, ಗೇಟೂ ಬಂತು. ಗೇಟಿನ ಕಂಬಕ್ಕೆ ಕರಿ ಕಲ್ಲಿನ ಫಲಕ ಹಾಕಿ ‘ಅಧ್ಯಕ್ಷರು: ಶ್ರೀಮತಿ ಮರಿಯಮ್ಮ’ ಎಂದು ಬಂಗಾರದ ಬಣ್ಣದಲ್ಲಿ ಕೆತ್ತಿಸಿದರು. ತನ್ನ ಹೆಸರು ಹಾಕಬೇಡಿ ಎಂದು ಭದ್ರಮ್ಮನೇ ಹೇಳಿದ್ದಳು. ಹಾಗೆ ಹೇಳಿದ್ದಕ್ಕೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಪಟ್ಟುಕೊಂಡಿದ್ದಳು. ವಾಚ್‌ಮನ್ ಆಗಿ ಬಂದವನು ರಾಯಚೂರು ಕಡೆಯ ಅಮರೇಶ್. ಮೊದಲ ದಿನವೇ ಭದ್ರಮ್ಮ ಅವನಿಗೆ ಬುದ್ಧಿ ಹೇಳಿದಳು: ‘ಇಲ್ಲಿ ಒಬ್ಬೊಬ್ರೂ ಒಂದೊಂದು ನೆಪ ಹೇಳ್ಕೊಂಡು ಬರ್ತಾರೆ. ಮೆಂಬರು, ಪೊಲೀಸು, ಯಾರಾದ್ರೂ ಸರಿ. ನಾನು ಹೇಳದೆ ಬೀಗ ತೆಗೀಬೇಡ.’

ಮಾರ್ಚ್ ತಿಂಗಳು. ಮಹಿಳಾ ದಿನದ ಸಮಾರಂಭಕ್ಕೆ ಮಾರತ್ತಹಳ್ಳಿಯ ಒಂದು ಐಟಿ ಕಂಪನಿಯವರು ಭದ್ರಮ್ಮನನ್ನು ಕರೆದಿದ್ದರು. ಕಾರು ಕಳಿಸಿದ್ದರು. ಎಸಿ ಹಾಲಿನಲ್ಲಿ ಹುಡುಗಿಯರು ಸಾಲಾಗಿ ಕೂತು ಅವಳ ಮಾತು ಕೇಳಿದರು. ಕೃಷ್ಣಪ್ಪನನ್ನು ಎಬ್ಬಿಸಿದ ಕಥೆಗೆ ಬಿದ್ದು ಬಿದ್ದು ನಕ್ಕರು. ಕೊನೆಗೆ ಶಾಲು ಹೊದಿಸಿ, ಗಿಡವೊಂದನ್ನು ಕೈಗಿಟ್ಟರು. ಭಾಷಣಕ್ಕೆ ಮುಂಚೆ ಸದ್ದಾಗದ ಹಾಗೆ ಮಾಡಿಟ್ಟಿದ್ದ ಫೋನನ್ನು ಊಟವಾದ ಮೇಲೆ ತೆಗೆದು ನೋಡಿದರೆ, ಮರಿಯಮ್ಮನ ಹೆಸರು ಮೇಲಿಂದ ಕೆಳಗಿನ ತನಕ. ತಿರುಗಿ ಮಾಡಿದಳು, ಎತ್ತಲಿಲ್ಲ. ಕಾರು ರಿಂಗ್ ರಸ್ತೆಯಲ್ಲಿ ತೆವಳಿಕೊಂಡು ಊರು ಸೇರುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಕೆರೆಯ ಗೇಟಿನ ಮುಂದೆ ಚೆಂಡುಹೂವು, ಮಂಡಕ್ಕಿ ಚೆಲ್ಲಿದ್ದವು. ಭದ್ರಮ್ಮ ಕಾರು ನಿಲ್ಲಿಸಿ ಇಳಿದಳು. ಅಮರೇಶ್ ಓಡಿ ಬಂದು ಸಲ್ಯೂಟ್ ಹೊಡೆದ. ಅವನ ಮುಖದಲ್ಲಿ ಕೆಲಸ ಸರಿಯಾಗಿ ಮಾಡಿದವನ ಸಂತೋಷವಿತ್ತು.

‘ಯಾರಿಗೂ ತೆಗೀಲಿಲ್ರೀ ಮೇಡಂ. ಹೆಣ ತಂದು ಇಲ್ಲೇ ಇಳಿಸಿದ್ರು. ಭಾಳ ಗದ್ದಲ ಮಾಡಿದ್ರು. ಅಧ್ಯಕ್ಷರೇ ಖುದ್ದ ಬಂದು, ಬೀಗ ತೆಗಿಯಪ್ಪಾ ಅಂತ ಕೈಮುಗಿದ್ರು. ಭದ್ರಮ್ಮಾರು ಹೇಳಲಾರದ ತೆಗಿಯಂಗಿಲ್ರೀ ಅಂದೆ.’

‘ಯಾರು ಸತ್ತಿದ್ದು?’ ಎಂದು ಕೇಳಿದಳು.

‘ಆ ಮುದುಕಪ್ಪ ಅದಾನಲ್ರೀ, ದಿನಾ ಮುಂಜಾನೆ ಇಲ್ಲಿ ಅಡ್ಡಾಡ್ತಿದ್ನಲ್ಲ.’

ಚಿಕ್ಕಬೈರಪ್ಪ. ಈ ಕೆರೆಯ ನೀರುಗಂಟಿ. ಮರಿಯಮ್ಮನ ಮಾವ.

ಆಮೇಲೆ ನಡೆದದ್ದನ್ನು ಅಮರೇಶನೇ ಹೇಳಿದ. ಬಿಸಿಲಲ್ಲಿ ಚಟ್ಟ ಇಳಿಸಿಕೊಂಡು ತುಂಬ ಹೊತ್ತು ಕಾದರಂತೆ. ಮರಿಯಮ್ಮ ಫೋನು ಕಿವಿಗಿಟ್ಟುಕೊಂಡು ಗೇಟಿನ ಮುಂದೆ ಅತ್ತಿಂದಿತ್ತ ನಡೆಯುತ್ತಲೇ ಇದ್ದಳಂತೆ. ಅವಳದೇ ಕೇರಿಯವರು ಕಲ್ಲಿನ ಮೇಲಿದ್ದ ಅವಳ ಹೆಸರು ತೋರಿಸಿ ಅವಳನ್ನು ಬಯ್ದರಂತೆ. ಬೀಗ ಒಡೆಯುತ್ತೇವೆ ಎಂದು ಹುಡುಗರು ಕಲ್ಲೆತ್ತಿದಾಗ, ಹೆಣದ ಮುಂದೆ ಜಗಳ ಬೇಡ ಎಂದು ಅವಳೇ ತಡೆದಳಂತೆ. ಕೊನೆಗೆ ಚಟ್ಟ ಎತ್ತಿಕೊಂಡು, ಸರ್ವಿಸ್ ರಸ್ತೆ ಹಿಡಿದು, ಗೋಡೌನುಗಳನ್ನೆಲ್ಲ ಸುತ್ತಿ, ಕಂಟೇನರ್ ಲಾರಿಗಳ ಸಂದಿಯಲ್ಲಿ ನುಗ್ಗಿ ಸುಡುಗಾಡಿಗೆ ಹೋದರಂತೆ. ಲಾರಿಗಳ ಹಾರನ್ನಿನಲ್ಲಿ ತಮಟೆಯ ಸದ್ದೇ ಕೇಳಲಿಲ್ಲವಂತೆ.

ಭದ್ರಮ್ಮ ನಿಂತಲ್ಲೇ ಕುಗ್ಗಿಹೋದಳು. ಹೆಗಲ ಮೇಲೆ ಇನ್ನೂ ಆ ಶಾಲು ಇತ್ತು. ಅದನ್ನು ಎಳೆದು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಎಲ್ಲಿ ಬಚ್ಚಿಟ್ಟರೂ ಕಾಣುತ್ತಿತ್ತು. ಅಮರೇಶನನ್ನು ಬಯ್ಯುವ ಹಾಗೂ ಇರಲಿಲ್ಲ. ಅವನು ಮಾಡಿದ್ದು ಅವಳು ಹೇಳಿದ್ದನ್ನೇ.

ಮನೆಗೆ ಬಂದು ಜಗಲಿಯ ಮೇಲೆ ಕೂತಳು. ಕೃಷ್ಣಪ್ಪನಿಗೆ ವಿಷಯ ಗೊತ್ತಿತ್ತು, ಅವನು ಮಣ್ಣಿಗೂ ಹೋಗಿ ಬಂದಿದ್ದ. ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತ.

‘ನಾನೇನು ಕೆಟ್ಟದ್ದಕ್ಕೆ ಮಾಡಿದ್ನಾ?’ ಎಂದಳು ಭದ್ರಮ್ಮ. ‘ಕೆರೆ ಉಳೀಲಿ ಅಂತ ತಾನೇ? ಅವಳು ಹೊಸಬಳು, ಎಡವಬಾರದು ಅಂತ ತಾನೇ?’

ಕೃಷ್ಣಪ್ಪ ಟವೆಲು ಮಡಚಿ ತೊಡೆಯ ಮೇಲಿಟ್ಟುಕೊಂಡ. ‘ನಾನೂ ನಿನ್ನ ಒಳ್ಳೇದಕ್ಕೇ ಅಂತ್ಲೇ ಮಾಡ್ತಿದ್ದೆ ಕಣೇ,’ ಎಂದ.

ಚುಚ್ಚುವುದಕ್ಕೆಂದು ಹೇಳಿದ್ದಲ್ಲ. ಅವನ ದನಿಯಲ್ಲಿ ಸೇಡೂ ಇರಲಿಲ್ಲ. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ‘ನಿಂಗೆ ಗೊತ್ತಾಗಲ್ಲ, ಸುಮ್ನಿರು’ ಎಂಬ ಮಾತು ಯಾರ ಬಾಯಿಂದ ಯಾರ ಬಾಯಿಗೆ ಬಂತು ಎಂಬುದು ಅವಳಿಗೆ ಈಗ ಹೊಳೆಯಿತು. ಊರೂರು ಸುತ್ತಿ ಯಾರ ವಿರುದ್ಧ ಭಾಷಣ ಮಾಡಿದ್ದಳೋ ಅವನೇ ತಾನಾಗಿದ್ದಳು. ಅದೂ ಅವನಿಗಿಂತ ಕಡೆಯಾಗಿ. ಕೃಷ್ಣಪ್ಪನನ್ನು ಎದ್ದೇಳಿ ಎನ್ನಲು ಅವಳಿಗೆ ಹೆಂಡತಿಯ ಹಕ್ಕಾದರೂ ಇತ್ತು. ತನ್ನನ್ನು ಎದ್ದೇಳಿ ಎನ್ನಲು ಮರಿಯಮ್ಮನಿಗೆ ಏನಿತ್ತು? ಭದ್ರಮ್ಮನ ಮನೆಯವರ ಗದ್ದೆಯಲ್ಲಿ ಮರಿಯಮ್ಮನ ಅತ್ತೆ ಮಾವ ಕೂಲಿ ಮಾಡಿದವರು. ಅವಳು ‘ಅಮ್ಮೋರೆ’ ಬಿಟ್ಟು ‘ಅಕ್ಕ’ ಎನ್ನಲು ಕಲಿತದ್ದೇ ಟ್ಯಾಂಕರಿಗೆ ಅಡ್ಡ ಮಲಗಿದ ಮೇಲೆ.

ಮೂರನೇ ದಿನದ ಹಾಲು ತುಪ್ಪ ಮುಗಿದ ಮೇಲೆ ಭದ್ರಮ್ಮ ಕಾಲೋನಿಗೆ ಹೋದಳು. ದಾರಿಯಲ್ಲಿ ಹೆಂಗಸರು ಅವಳನ್ನು ನೋಡಿ ಮಾತು ನಿಲ್ಲಿಸಿದರು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರೂ ಬಯ್ಯಲಿಲ್ಲ, ಸರಿದು ದಾರಿ ಬಿಟ್ಟರು. ಮರಿಯಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದ್ದು, ‘ಬನ್ನಿ, ಕೂತ್ಕಳಿ,’ ಎಂದು ಚಾಪೆ ಹಾಸಿದಳು. ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಸುಸ್ತು ಕಾಣುತ್ತಿತ್ತು.

ಭದ್ರಮ್ಮ ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದಳು. ‘ನನ್ನ ಕ್ಷಮಿಸು ಅಂತ ಕೇಳೋಕೂ ನಂಗೆ ಮುಖ ಇಲ್ಲ ಮರಿ,’ ಎಂದಳು. ‘ಬರೋ ಗ್ರಾಮಸಭೇಲಿ ಎಲ್ಲರ ಎದುರಿಗೆ ಎದ್ದು ನಿಂತು ಹೇಳ್ತೀನಿ. ಮರಿಯಮ್ಮ ಬೇಡ ಅಂದಿದ್ಲು, ಬಾಯಿ ಮುಚ್ಚಿಸಿದ್ದು ನಾನು, ತಪ್ಪೆಲ್ಲ ನಂದೇ ಅಂತ. ನಿನ್ನ ಮೇಲೆ ಬಂದಿರೋ ಮಾತೆಲ್ಲ ನಾನು ತಗೋತೀನಿ.’

ಹೇಳುತ್ತ ಹೇಳುತ್ತ ಅವಳ ಎದೆ ಸ್ವಲ್ಪ ಹಗುರಾಯಿತು. ಜನರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವ ತನ್ನ ಚಿತ್ರ ಅವಳ ಕಣ್ಣ ಮುಂದೆ ಬಂದಿತ್ತು. ಆ ಚಿತ್ರದಲ್ಲಿ ಅವಳು ಅಷ್ಟೇನೂ ಸಣ್ಣವಳಾಗಿ ಕಾಣುತ್ತಿರಲಿಲ್ಲ.

‘ಬ್ಯಾಡಿ,’ ಎಂದಳು ಮರಿಯಮ್ಮ.

‘ಯಾಕೆ?’

‘ನೀವು ಅಂಗೆ ಏಳಿದ್ರೆ ಜನ ಏನಂತಾರೆ? ಭದ್ರಮ್ಮೋರು ಎಂಥ ದೊಡ್ಡ ಮನುಷ್ಯರು ಅಂತಾರೆ. ಮರಿಯಮ್ಮ ಪಾಪ, ಏನೂ ತಿಳೀದ ಗೊಂಬೆ ಅಂತಾರೆ. ನೀವು ತಪ್ಪು ಒಪ್ಕಂಡ್ರೂ ಮಾತು ನಿಮ್ದೇ ಆಯ್ತದಲ್ಲಕ್ಕ.’ ಮೊರದಲ್ಲಿದ್ದ ಕಲ್ಲೊಂದನ್ನು ಹೆಕ್ಕಿ ಎಸೆದಳು. ‘ಸಹಿ ಆಕಿದ್ದು ನಾನು. ನೀವೇನು ಕೈ ಇಡ್ದು ಆಕ್ಸಲಿಲ್ಲ. ಅವತ್ತು ಗಟ್ಟಿಯಾಗಿ ಬ್ಯಾಡ ಅನ್ಬೋದಿತ್ತು, ಅನ್ಲಿಲ್ಲ. ನನ್ ಮಾವನ್ನ ನಾನೇ ನಿಲ್ಸಿದ್ದು ಅಂತ ನನ್ ಜನ ಬಯ್ತಾವ್ರೆ. ಬಯ್ಲಿ. ಬಯ್ಸ್ಕಂಡಾದ್ರೂ ಒಂದ್ಸಲ ನಾನು ಅಧ್ಯಕ್ಷೆ ಆಯ್ತೀನಿ.’

ಭದ್ರಮ್ಮ ಆ ಕಲ್ಲು ಬಿದ್ದ ಕಡೆ ನೋಡಿದಳು.

‘ನಾನೇನು ಮಾಡ್ಲಿ ಹಾಗಾದ್ರೆ?’ ಎಂದಳು.

‘ಸಭೆಗೆ ಬನ್ನಿ. ಎಲ್ಲರ ಜೊತೆ ಕೆಳಗೆ ಕೂತ್ಕಳಿ. ಏನೂ ಮಾತಾಡ್ಬ್ಯಾಡಿ.’ ಮತ್ತೆ ಮೊರ ಎತ್ತಿಕೊಂಡು, ‘ಅಷ್ಟು ಮಾಡಿದ್ರೆ ಸಾಕು,’ ಎಂದಳು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ನಡೆಯಿತು. ಕಾಲೋನಿಯವರು ಗುಂಪು ಕಟ್ಟಿಕೊಂಡೇ ಬಂದಿದ್ದರು. ಭದ್ರಮ್ಮ ಹೆಂಗಸರ ಸಾಲಿನಲ್ಲಿ ಹಿಂದೆ ಹೋಗಿ ಜಮಖಾನದ ಮೇಲೆ ಕೂತಳು. ಸುಮಂಗಲಾ ಓಡಿಬಂದು ಅವಳ ಪಕ್ಕ ಜಾಗ ಮಾಡಿಕೊಂಡಳು. ವೇದಿಕೆಯ ಮೇಲೆ ಮರಿಯಮ್ಮ ಒಬ್ಬಳೇ ಕೂತಿದ್ದಳು, ಪಕ್ಕದಲ್ಲಿ ವೀರೇಶ್.

ಶುರುವಾಗುವ ಮೊದಲೇ ಕಾಲೋನಿಯ ಬಸು ಎದ್ದು ನಿಂತ. ‘ನಿಮ್ ಮಾವನ್ನೇ ಒಳೀಕೆ ಬುಡಿಸೋಕಾಗ್ನಿಲ್ಲ, ನೀನೆಂತಾ ಅಧ್ಯಕ್ಷೆ? ನಮ್ಮೋಳು ಅಂತ ಓಟಾಕಿದ್ವಿ. ನಮ್ ದಾರೀಗೇ ಬೀಗ ಜಡಿದೆ. ಥೂ!’ ಎಂದ. ಹಿಂದಿನಿಂದ ಇನ್ನೂ ಹಲವರು ದನಿಗೂಡಿಸಿದರು. ಬರೆಯಲಾಗದ ಮಾತುಗಳೂ ಬಂದವು. ಒಂದೊಂದು ಮಾತೂ ಹೋಗಬೇಕಾದ ವಿಳಾಸ ತನ್ನದು ಎಂದು ಭದ್ರಮ್ಮನಿಗೆ ಗೊತ್ತಿತ್ತು. ಎದ್ದು ಕೂಗಿಬಿಡಬೇಕು ಎನ್ನಿಸಿ, ಏಳಲು ಕಾಲು ತಾನಾಗಿ ನೆಲಕ್ಕೆ ಊರಿತು. ಜಮಖಾನದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತಳು.

ಮರಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಗಲಾಟೆ ಇಳಿದ ಮೇಲೆ ಮೈಕು ಎಳೆದುಕೊಂಡಳು.

‘ಬಸಣ್ಣ ಏಳಿದ್ದು ನಿಜ,’ ಎಂದಳು. ‘ಸಹಿ ನಂದು. ತಿಳೀದೆ ಆಕ್ದೆ ಅಂತ ಏಳಾಕಿಲ್ಲ. ತಿಳಿದೂ ಆಕ್ದೆ, ಅದು ನನ್ ತಪ್ಪು. ನಮ್ ಮಾವಂಗೆ ಆದಂಗೆ ಇನ್ಯಾರಿಗೂ ಆಗ್ಬಾರ್ದು. ಏರಿ ಎರಡೂ ಕಡೆ ಗೇಟು ನಾಳೆ ತಗುಸ್ತೀನಿ. ಬೇಲಿ ಇರ್ತದೆ, ದಾರಿ ಬುಡ್ತೀವಿ.’

ಊರಿನ ಕಡೆಯ ಒಬ್ಬರು ಎದ್ದು, ‘ಗೇಟು ತೆಗೆದ್ರೆ ಮತ್ತೆ ಟ್ಯಾಂಕರ್ ಬರಲ್ವೇನಮ್ಮ? ಅಷ್ಟು ಕಷ್ಟಪಟ್ಟು ಕೆರೆ ಉಳಿಸಿದ್ದು ಯಾಕೆ?’ ಎಂದರು.

‘ಟ್ಯಾಂಕರ್ ನಿಲ್ಸಿದ್ದು ಗೇಟಲ್ಲ ಸಾಮಿ, ನಾವು,’ ಎಂದಳು ಮರಿಯಮ್ಮ. ‘ಬರ್ಲಿ, ಮತ್ತೆ ನಿಲ್ಸೋಣ. ದಾರಿ ಮಾತ್ರ ಮುಚ್ಚೋದು ಬ್ಯಾಡ.’

ಅದು ಒಳ್ಳೆಯ ಉತ್ತರ. ತಾನು ಹೇಳಿದ್ದರೆ ಇನ್ನೂ ಉದ್ದ ಹೇಳುತ್ತಿದ್ದೆ, ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ ಎಂದು ಭದ್ರಮ್ಮನಿಗೆ ಅನ್ನಿಸಿತು. ಇಷ್ಟು ಮಾತು ಇಷ್ಟು ದಿನ ಇವಳ ಹೊಟ್ಟೆಯಲ್ಲೇ ಇತ್ತಲ್ಲ, ಅದರ ಮೇಲೆ ಕೂತಿದ್ದವಳು ತಾನಲ್ಲವೇ ಎಂದು ಮುಖ ಸುಟ್ಟಂತಾಯಿತು.

ಆಗ ಸುಮಂಗಲಾ ಅವಳ ಕಿವಿಗೆ ಬಾಗಿದಳು. ಕಣ್ಣಲ್ಲಿ ನೀರಿತ್ತು. ‘ನೀವು ಕುರ್ಚಿ ಮ್ಯಾಲ ಇದ್ದಿದ್ರ ಹಿಂಗ ಆಗ್ತಿರಲಿಲ್ಲ ನೋಡ್ರಿ ಅಕ್ಕಾರ,’ ಎಂದಳು. ‘ಹೆಣ್ಮಕ್ಳ ಕಷ್ಟ ನಿಮಗ ಗೊತ್ತಾದಂಗ ಅಕಿಗೆ ಎಲ್ಲಿ ಗೊತ್ತಾಗತೈತ್ರಿ.’

ಭದ್ರಮ್ಮ ಅವಳ ಕಡೆ ತಿರುಗಿದಳು. ಇಲ್ಲ, ತಪ್ಪು ನನ್ನದು ಎನ್ನಬೇಕಿತ್ತು. ಒಬ್ಬಳಿಗೆ, ಕಿವಿಯಲ್ಲಿ, ಇಷ್ಟೇ ಇಷ್ಟು ಹೇಳಿದರೆ ಏನಾದೀತು? ಸಂಜೆಯೊಳಗೆ ಬಾಡಿಗೆ ಮನೆಗಳ ಸಾಲಿಗೆಲ್ಲ ಹಬ್ಬುತ್ತದೆ, ನಾಳೆ ಹೊತ್ತಿಗೆ ಊರಿಗೆ. ಆಮೇಲೆ ವೇದಿಕೆಯ ಮೇಲೆ ಕೂತು ಉಗುಳಿಸಿಕೊಂಡವಳು ಮತ್ತೆ ಗೊಂಬೆಯಾಗುತ್ತಾಳೆ. ಭದ್ರಮ್ಮ ಆ ಹೊಗಳಿಕೆಯನ್ನು ನುಂಗಿದಳು. ಅಷ್ಟು ಕಹಿಯಾದದ್ದನ್ನು ಅವಳು ಯಾವತ್ತೂ ನುಂಗಿರಲಿಲ್ಲ.

‘ಇನ್ನೇನಾದ್ರೂ ಏಳೋರಿದ್ರೆ ಏಳಿ,’ ಎಂದಳು ಮರಿಯಮ್ಮ ಮೈಕಿನಲ್ಲಿ.

ರೂಢಿಯ ಬಲ ನೋಡಿ, ಶಾಮಿಯಾನದ ಕೆಳಗಿದ್ದ ಕತ್ತುಗಳೆಲ್ಲ ಒಟ್ಟಿಗೆ ಭದ್ರಮ್ಮನ ಕಡೆ ತಿರುಗಿದವು. ಬಯ್ದ ಬಸುವೂ ತಿರುಗಿದ. ವೀರೇಶ್ ಇನ್ನೊಂದು ಮೈಕು ಹಿಡಿದು ಮೆಟ್ಟಿಲಿಳಿದು ಬಂದರು. ‘ಮೇಡಂ, ಎರಡು ಮಾತು?’ ಎಂದರು.

ಅಧ್ಯಕ್ಷರು ಹೇಳಿದ ಮೇಲೆ ಮುಗಿಯಿತು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅದೂ ತಾನು ಕೊಡುವ ಸರ್ಟಿಫಿಕೇಟೇ ಆಗುತ್ತದೆ ಎಂದು ಹೊಳೆದು ಅಲ್ಲೇ ತಡೆದಳು. ಬೇಡವೆಂದು ತಲೆ ಅಲ್ಲಾಡಿಸಿದಳು. 

‘ಪಾಪ, ಅವರ ಆಸೆಯ ಗೇಟಲ್ವಾ, ಬೇಜಾರಾಗಿದೆ,’ ಎಂದು ಹಿಂದೆ ಯಾರೋ ಅನುಕಂಪದಿಂದ ಹೇಳಿದರು. ಸುಮಂಗಲಾ ಅವಳ ಕೈಮೇಲೆ ಕೈಯಿಟ್ಟಳು. ಭದ್ರಮ್ಮ ತಲೆ ತಗ್ಗಿಸಿ ಜಮಖಾನವನ್ನೇ ನೋಡುತ್ತ ಕೂತಳು.

ಮರಿಯಮ್ಮ ಕಾಯಲಿಲ್ಲ. ಕುಡಿಯುವ ನೀರಿನ ವಿಷಯ ಎತ್ತಿಕೊಂಡು ಆಗಲೇ ಮಾತು ಮುಂದುವರಿಸಿದ್ದಳು.